ಪ್ರಜೆಗಳ ವಕೀಲರು ಎದುರುಪಕ್ಷಕ್ಕೆ ಹೋದಾಗ

ಹಲವು ವರ್ಷಗಳ ಕಾಲ ಸರ್ಕಾರದ ಪರವಾಗಿ ಕೊಲೆ ದರೋಡೆಗಳ ಮೊಕದ್ದಮೆಗಳನ್ನು ನಡೆಸಿದ ಪಬ್ಲಿಕ್ ಪ್ರಾಸಿಕ್ಯೂಟರೊಬ್ಬರು ಆ ಅಧಿಕಾರವನ್ನು ಬಿಟ್ಟು, ಸ್ವಂತ ಕಚೇರಿಯ ಬಾಗಿಲಿಗೆ ಫಲಕವನ್ನು ತೂಗುಹಾಕಿ, ಕೆಲವೇ ದಿನಗಳಲ್ಲಿ ಅದೇ ಸೆಷನ್ಸ್ ನ್ಯಾಯಾಲಯದಲ್ಲಿ ಆಪಾದಿತನ ಪರವಾಗಿ ಎದ್ದು ನಿಲ್ಲುವ ದೃಶ್ಯವು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಪೂರ್ವವಾದುದೇನೂ ಅಲ್ಲ. ಹಾಗೆ ನಡೆದಾಗಲೆಲ್ಲ ಕೋರ್ಟಿನ ಎದುರಿನ ಹೋಟೆಲುಗಳಲ್ಲಿ ಒಂದೇ ಬಗೆಯ ಮಾತು ಹುಟ್ಟುತ್ತದೆ: ನಿನ್ನೆಯವರೆಗೆ ಕಳ್ಳನನ್ನು ಜೈಲಿಗೆ ಕಳುಹಿಸಿದವರು ಇಂದು ಕಳ್ಳನ ಕೈ ಹಿಡಿದರು! ಈ ಮಾತಿನಲ್ಲಿ ಅರ್ಧ ನ್ಯಾಯವೂ ಅರ್ಧ ಅನ್ಯಾಯವೂ ಬೆರೆತಿವೆಯೆಂದು ನಮ್ಮ ಅಭಿಪ್ರಾಯ. ಅನ್ಯಾಯದ ಭಾಗವನ್ನು ಮೊದಲು ನೋಡೋಣ.

ದೋಷವು ಸಿದ್ಧವಾಗುವವರೆಗೆ ಆಪಾದಿತನು ಕಳ್ಳನಲ್ಲ. ನಮ್ಮ ನಿಮ್ಮಂತೆಯೇ ಪ್ರಜೆ. ತನಗೆ ಬೇಕಾದ ವಕೀಲರಿಂದ ವಾದ ಮಾಡಿಸಿಕೊಳ್ಳುವ ಹಕ್ಕನ್ನು ನಮ್ಮ ರಾಜ್ಯಾಂಗದ 22ನೆಯ ಅನುಚ್ಛೇದವು ಅವನಿಗೆ ಕೊಟ್ಟಿದೆ. ಇನ್ನು ಪ್ರಾಸಿಕ್ಯೂಟರರ ಕರ್ತವ್ಯವಾದರೂ ಏನು? ಎಂತಾದರೂ ಮಾಡಿ ಶಿಕ್ಷೆ ಕೊಡಿಸುವುದೆಂದು ಅನೇಕರು ತಿಳಿದಿದ್ದಾರೆ. ಭಾರತದ ವಕೀಲರ ಪರಿಷತ್ತಿನ ನಿಯಮಗಳು ಇದಕ್ಕೆ ವಿರುದ್ಧವಾಗಿವೆ. ನಿರಪರಾಧಿಗೆ ಶಿಕ್ಷೆಯಾಗದಂತೆ ಮೊಕದ್ದಮೆಯನ್ನು ನಡೆಸಬೇಕೆಂದೂ, ಆಪಾದಿತನ ನಿರಪರಾಧಿತ್ವವನ್ನು ತೋರಿಸಬಲ್ಲ ಯಾವ ಸಾಮಗ್ರಿಯನ್ನೂ ಮುಚ್ಚಿಡಕೂಡದೆಂದೂ ಅವು ವಿಧಿಸಿವೆ. ಈ ನಿಯಮವನ್ನು ಮನಸ್ಸಿಟ್ಟು ಪಾಲಿಸಿದವರು ಸರ್ಕಾರದ ಕಡೆಯ ಕುರ್ಚಿಯಲ್ಲಿದ್ದಾಗಲೂ ಆಪಾದಿತನ ಶತ್ರುಗಳಾಗಿರಲಿಲ್ಲ. ಅಂಥವರು ಕುರ್ಚಿಯನ್ನು ಬದಲಿಸಿದ ಮಾತ್ರಕ್ಕೆ ಧರ್ಮವನ್ನು ಬದಲಿಸಿದರೆಂದು ಹೇಳಲಾಗದು.

ಈ ಎರಡು ಕುರ್ಚಿಗಳ ನಡುವಣ ಹಾದಿಯು ಹಳೆಯದು. 1908–09ರ ಅಲಿಪುರದ ಬಾಂಬ್ ಮೊಕದ್ದಮೆಯನ್ನು ವಾಚಕರು ನೆನೆಯಬಹುದು. ಶ್ರೀ ಅರವಿಂದರ ಮೇಲೆ ಆರೋಪ ಹೊರಿಸಿ ವಾದಿಸಲು ಆಂಗ್ಲ ಸರ್ಕಾರದವರು ಕರೆತಂದದ್ದು ಮದರಾಸಿನ ಪ್ರಖ್ಯಾತ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್ನರನ್ನು. ಕಾಂಗ್ರೆಸ್ಸಿನ ಆರಂಭದ ದಿನಗಳಲ್ಲಿ ಅದರ ವೇದಿಕೆಯ ಮೇಲೆ ನಿಂತು ಭಾರತೀಯರ ಪರವಾಗಿ ಮಾತನಾಡಿದವರೂ ಇವರೇ! ಎದುರಿನಲ್ಲಿ ದೇಶಬಂಧು ಚಿತ್ತರಂಜನ ದಾಸರು ನಿಂತರು. 1909ರ ಮೇ ತಿಂಗಳಲ್ಲಿ ಅರವಿಂದರು ಬಿಡುಗಡೆ ಹೊಂದಿದರು. ಆ ಮೊಕದ್ದಮೆ ನಡೆಯುತ್ತಿರುವಾಗಲೇ, ಫೆಬ್ರವರಿ 10ರಂದು, ಸರ್ಕಾರಿ ವಕೀಲರಾದ ಆಶುತೋಷ ಬಿಸ್ವಾಸರು ಕೋರ್ಟಿನ ಆವರಣದಲ್ಲಿಯೇ ಗುಂಡಿಗೆ ಬಲಿಯಾದರೆಂಬುದನ್ನೂ ಮರೆಯಲಾಗದು. ಈ ಚರಿತ್ರೆಯಿಂದ ನಾವು ಇಲ್ಲಿ ಎತ್ತಿಕೊಳ್ಳುವುದು ಒಂದೇ ಸಂಗತಿ. ಸಾಮ್ರಾಜ್ಯಕ್ಕೆ ಬೇಕಾದ ಮೊಕದ್ದಮೆಯಾದರೆ ದೇಶದ ಅತ್ಯುತ್ತಮ ಬ್ಯಾರಿಸ್ಟರು ದೂರದ ಪ್ರಾಂತದಿಂದ ಬರುತ್ತಿದ್ದರು; ಬಡ ರೈತನ ಎತ್ತು ಕಳುವಾದ ಮೊಕದ್ದಮೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ನಡೆಸುವುದಕ್ಕೆ ಪೋಲೀಸು ಇನ್‌ಸ್ಪೆಕ್ಟರೇ ಸಾಕಾಗಿದ್ದರು.

ಸ್ವರಾಜ್ಯ ಬಂದ ಮೇಲೆಯೂ ಈ ಏರ್ಪಾಡು ಬೇಗನೆ ಹೋಗಲಿಲ್ಲ. ಪ್ರಾಸಿಕ್ಯೂಷನ್ನನ್ನು ಪೋಲೀಸರಿಂದ ಬೇರ್ಪಡಿಸಬೇಕೆಂದು ಕಾನೂನು ಆಯೋಗವು 1958ರಲ್ಲಿ ಶಿಫಾರಸು ಮಾಡಿತು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಮ್ಯಾಜಿಸ್ಟ್ರೇಟರ ಕೋರ್ಟುಗಳಿಗೆ ಸಹಾಯಕ ಪ್ರಾಸಿಕ್ಯೂಟರರು ಬಂದರು. 2005ರ ತಿದ್ದುಪಡಿಯಿಂದ ಪ್ರತ್ಯೇಕ ನಿರ್ದೇಶನಾಲಯಕ್ಕೆ ಅವಕಾಶವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಅದನ್ನು ಜಿಲ್ಲೆಯ ಮಟ್ಟದವರೆಗೂ ವಿಸ್ತರಿಸಿದೆ. ಕಾಗದದ ಮೇಲೆ ಇವೆಲ್ಲವೂ ಸೊಗಸಾಗಿವೆ. ಆದರೆ ಸುದ್ದಿಯಾದ ಮೊಕದ್ದಮೆಗೆ ಹತ್ತು ವರ್ಷಗಳಿಗೆ ಕಡಿಮೆಯಿಲ್ಲದ ಅನುಭವವುಳ್ಳ ವಿಶೇಷ ಪ್ರಾಸಿಕ್ಯೂಟರರು, ಸುದ್ದಿಯಾಗದ ಮೊಕದ್ದಮೆಗೆ ಕಡತಗಳ ಹೊರೆಯಡಿಯಲ್ಲಿ ಬಾಗಿದ ಒಬ್ಬ ಬಡಪಾಯಿ ಎಂಬ ಭೇದವು ಇನ್ನೂ ಅಳಿದಿಲ್ಲ.

ಇದನ್ನು ನಾವು ಕೇಳಿದ ಮಾತಿನಿಂದ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯದ ಪಕ್ಕದ ಅಂಗಡಿಯಲ್ಲಿ ಕಳವಾದಾಗ ಪೋಲೀಸರು ನಮ್ಮನ್ನು ಪಂಚರನ್ನಾಗಿ ಕರೆದು ಮಹಜರಿಗೆ ರುಜು ಹಾಕಿಸಿಕೊಂಡಿದ್ದರು. ಅದನ್ನು ನಾವು ಮರೆತೇಬಿಟ್ಟಿದ್ದ ಕಾಲದಲ್ಲಿ ಸಮನ್ಸು ಬಂತು. ಕೋರ್ಟಿನ ಮೊಗಸಾಲೆಯಲ್ಲಿ ಎರಡು ಕೈಗಳಲ್ಲಿಯೂ ಕಡತಗಳನ್ನು ತುಂಬಿಕೊಂಡು ಅವಸರದಿಂದ ಬಂದ ಪ್ರಾಸಿಕ್ಯೂಟರರು, "ತಾವು ಯಾವ ಕೇಸಿನ ಸಾಕ್ಷಿ, ಸ್ವಾಮೀ?" ಎಂದು ನಮ್ಮನ್ನೇ ಕೇಳಿದರು. ಮಹಜರು ಬೆಳಗಿನ ಹೊತ್ತು ನಡೆಯಿತೆಂದು ಒಂದು ಕಾಗದದಲ್ಲಿಯೂ, ಮಧ್ಯಾಹ್ನವೆಂದು ಇನ್ನೊಂದರಲ್ಲಿಯೂ ಇದ್ದುದು ಅವರಿಗೆ ತಿಳಿದಿರಲಿಲ್ಲ. ಆಪಾದಿತನ ಪರ ವಕೀಲರಿಗೆ ಚೆನ್ನಾಗಿ ತಿಳಿದಿತ್ತು. ಪಾಟೀಸವಾಲಿನಲ್ಲಿ ಅವರು ನಮ್ಮನ್ನು ಗೌರವದಿಂದಲೇ ನಡೆಸಿಕೊಂಡು, ಗೌರವದಿಂದಲೇ ಸುಳ್ಳುಗಾರರಂತೆ ಕಾಣಿಸಿದರು! ಆಪಾದಿತನಿಗೆ ಖುಲಾಸೆಯಾಯಿತು. ಆ ವಕೀಲರು ಹಿಂದೆ ಅದೇ ನ್ಯಾಯಾಲಯದಲ್ಲಿ ಪ್ರಾಸಿಕ್ಯೂಟರಾಗಿದ್ದವರೆಂದು ನಮಗೆ ಆಮೇಲೆ ತಿಳಿಯಿತು. ಅವರ ಮೇಲೆ ನಮಗೆ ಕೋಪವಿಲ್ಲ. ತಮ್ಮ ಕಕ್ಷಿಗಾರನಿಗಾಗಿ ಅವರು ಓದಿಕೊಂಡು ಬಂದಿದ್ದರು. ಅಂಗಡಿಯವನ ಪರವಾಗಿ ಓದಿಕೊಂಡು ಬಂದವರು ಮಾತ್ರ ಯಾರೂ ಇರಲಿಲ್ಲ. ಅವನು ಈಗಲೂ ನಮ್ಮನ್ನು ಕಂಡಾಗ, 'ನೀವಾದರೂ ಸರಿಯಾಗಿ ಹೇಳಬಾರದಾಗಿತ್ತೆ?' ಎಂಬಂತೆ ನೋಡುತ್ತಾನೆ.

ಅನುಭವಸ್ಥರು ಸರ್ಕಾರದ ಕುರ್ಚಿಯನ್ನು ಬಿಟ್ಟು ಹೋಗುವುದೇಕೆ? ಹಣದಾಸೆಯೆಂದು ಒಂದೇ ಮಾತಿನಲ್ಲಿ ತೀರಿಸುವುದು ಸುಲಭ. ಏಳು ವರ್ಷಗಳ ವಕೀಲಿಯಿಲ್ಲದೆ ಸೆಷನ್ಸ್ ನ್ಯಾಯಾಲಯದ ಪ್ರಾಸಿಕ್ಯೂಟರ್ ಹುದ್ದೆಗೆ ಅರ್ಹತೆಯಿಲ್ಲ. ಅಷ್ಟು ಕಾಲ ಬೆಳೆಸಿದ ಕಕ್ಷಿಗಾರರನ್ನು ಬಿಟ್ಟು ಸರ್ಕಾರದ ಕರೆಗೆ ಓಗೊಟ್ಟವರಿಗೆ ನಾಳಿನ ಭರವಸೆ ಏನಿದೆ? 1990ರಲ್ಲಿ ಉತ್ತರಪ್ರದೇಶದ ಸರ್ಕಾರದವರು ಒಂದೇ ಸುತ್ತೋಲೆಯಿಂದ ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಒಟ್ಟಿಗೆ ಮನೆಗೆ ಕಳುಹಿಸಿದರು. ಶ್ರೀಲೇಖಾ ವಿದ್ಯಾರ್ಥಿ ಎಂಬುವರ ಹೆಸರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆ ಸುತ್ತೋಲೆಯನ್ನು ರದ್ದುಪಡಿಸಿ, ಇವು ಸಾರ್ವಜನಿಕ ಹುದ್ದೆಗಳು, ಆಳುವವರ ಇಚ್ಛೆಯಂತೆ ಕೊಟ್ಟು ಕಿತ್ತುಕೊಳ್ಳುವ ಉಂಬಳಿಗಳಲ್ಲವೆಂಬ ಭಾವದ ತೀರ್ಪನ್ನು ಕೊಟ್ಟಿತು. ತೀರ್ಪು ಬಂತು, ಬುದ್ಧಿ ಬಂತೆಂದು ಹೇಳಲಾರೆವು. ಮಂತ್ರಿಮಂಡಲವು ಬದಲಾದಾಗ ತನ್ನ ಕುರ್ಚಿಯೂ ಅಲುಗೀತೆಂಬ ಶಂಕೆಯುಳ್ಳವನು ಮಂತ್ರಿಯ ಬಂಧುವಿನ ಮೇಲಿನ ಆರೋಪವನ್ನು ಎಷ್ಟು ಧೈರ್ಯದಿಂದ ವಾದಿಸಿಯಾನು? ಮೊಕದ್ದಮೆಯನ್ನು ಹಿಂದಕ್ಕೆ ಪಡೆಯಬೇಕೆಂದು ಮೇಲಿನಿಂದ ಸೂಚನೆ ಬಂದಾಗ, ಕಾನೂನಿನಂತೆ ಸ್ವಂತ ವಿವೇಚನೆಯನ್ನು ಉಪಯೋಗಿಸಬೇಕಾದವರೂ ಇವರೇ. ಆ ವಿವೇಚನೆಯನ್ನು ಉಪಯೋಗಿಸಲು ಹೋಗಿ ಬೇಸತ್ತವರು ಸ್ವಂತ ವೃತ್ತಿಗೆ ಮರಳಿದರೆ ಅವರನ್ನು ನಿಂದಿಸುವ ಬಾಯಿ ನಮಗಿಲ್ಲ.

ಈಗ ಹೋಟೆಲಿನ ಮಾತಿನಲ್ಲಿರುವ ನ್ಯಾಯದ ಅರ್ಧಕ್ಕೆ ಬರೋಣ. ಒಂದು ಮೊಕದ್ದಮೆಯಲ್ಲಿ ಒಬ್ಬರ ಪರವಾಗಿ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಎದುರುಪಕ್ಷದವರ ಪರವಾಗಿ ನಿಲ್ಲಕೂಡದೆಂದು ಪರಿಷತ್ತಿನ ನಿಯಮವಿದೆ. ಆ ನಿಯಮವು ಒಂದೊಂದು ಮೊಕದ್ದಮೆಯ ಮಟ್ಟಿಗೆ ನಿಲ್ಲುತ್ತದೆ. ಪ್ರಾಸಿಕ್ಯೂಟರರು ಕಲಿತು ಹೊರಡುವುದಾದರೋ ಮೊಕದ್ದಮೆಗಳ ಗುಟ್ಟನ್ನು ಮಾತ್ರವಲ್ಲ. ಯಾವ ಇನ್‌ಸ್ಪೆಕ್ಟರ್ ಪಾಟೀಸವಾಲಿನಲ್ಲಿ ತಡವರಿಸುತ್ತಾನೆ, ಯಾವ ಠಾಣೆಯಲ್ಲಿ ಮಹಜರುಗಳನ್ನು ಠಾಣೆಯ ಮೇಜಿನ ಮೇಲೆಯೇ ಬರೆಯುತ್ತಾರೆ, ವಶಪಡಿಸಿಕೊಂಡ ವಸ್ತುಗಳು ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ ಎಲ್ಲಿ ತಂಗುತ್ತವೆ, ಯಾವ ಬಗೆಯ ಸಾಕ್ಷಿ ಎಷ್ಟು ದಿನದಲ್ಲಿ ತಿರುಗಿಬೀಳುತ್ತಾನೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಈ ವಿದ್ಯೆಯನ್ನು ಅವರು ಕಲಿತದ್ದು ಪ್ರಜೆಗಳ ವೆಚ್ಚದಲ್ಲಿ. ಅದು ಮರುದಿನವೇ ಹೆಚ್ಚು ಬೆಲೆ ಕೊಟ್ಟವನ ಕೈಸೇರಿದರೆ ಅಂಗಡಿಯವನಂಥವರಿಗೆ ಸಂಕಟವಾಗುವುದು ಸಹಜ.

ಹೈಕೋರ್ಟಿನ ಖಾಯಂ ನ್ಯಾಯಾಧೀಶರಾಗಿದ್ದವರು ಅದೇ ಹೈಕೋರ್ಟಿನಲ್ಲಾಗಲಿ ಅದರ ಅಧೀನ ಕೋರ್ಟುಗಳಲ್ಲಾಗಲಿ ವಕೀಲಿ ಮಾಡಕೂಡದೆಂದೂ, ಬೇರೆ ಹೈಕೋರ್ಟುಗಳಲ್ಲಿಯೂ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಮಾಡಬಹುದೆಂದೂ ರಾಜ್ಯಾಂಗದ 220ನೆಯ ಅನುಚ್ಛೇದವು ಹೇಳುತ್ತದೆ. ಯಾರ ಜೀವನೋಪಾಯವನ್ನೂ ಅದು ಕಿತ್ತುಕೊಂಡಿಲ್ಲ. ಸ್ಥಳವನ್ನು ಮಾತ್ರ ಬದಲಿಸಿದೆ. ಅದೇ ಜಾಡಿನಲ್ಲಿ, ಪ್ರಾಸಿಕ್ಯೂಟರ್ ಹುದ್ದೆಯನ್ನು ಬಿಟ್ಟವರು ಎರಡು ವರ್ಷಗಳ ಕಾಲ ತಾವು ಕೆಲಸ ಮಾಡಿದ ಜಿಲ್ಲೆಯ ಸೆಷನ್ಸ್ ನ್ಯಾಯಾಲಯದಲ್ಲಿ ಹಣ ಪಡೆದು ಆಪಾದಿತರ ಪರವಾಗಿ ನಿಲ್ಲಕೂಡದೆಂದು ನಿಯಮವಾಗಬೇಕೆಂಬುದು ನಮ್ಮ ಸಲಹೆ. ಪಕ್ಕದ ಜಿಲ್ಲೆಯಲ್ಲಿ ನಿಲ್ಲಲಿ, ಹೈಕೋರ್ಟಿನಲ್ಲಿ ನಿಲ್ಲಲಿ, ಸಿವಿಲ್ ದಾವೆಗಳನ್ನು ನಡೆಸಲಿ. ಇದು ವೃತ್ತಿಸ್ವಾತಂತ್ರ್ಯಕ್ಕೆ ಕುಂದೆಂದು ವಕೀಲ ಮಿತ್ರರು ನಮಗೆ ಪತ್ರ ಬರೆಯುವರೆಂದು ಬಲ್ಲೆವು, ಬರೆಯಲಿ, ಪ್ರಕಟಿಸುವೆವು.

'ಹಣ ಪಡೆದು' ಎಂಬ ಮಾತನ್ನು ನಾವು ಬೇಕೆಂದೇ ಸೇರಿಸಿದ್ದೇವೆ. ವಕೀಲರನ್ನು ಗೊತ್ತುಮಾಡಿಕೊಳ್ಳಲಾರದ ಬಡ ಆಪಾದಿತರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದವರು 2022ರಲ್ಲಿ ಪೂರ್ಣಕಾಲದ ಪ್ರತಿವಾದಿ ವಕೀಲರನ್ನು ನೇಮಿಸುವ ಯೋಜನೆಯನ್ನು ರೂಪಿಸಿದರು. ಪ್ರಾಸಿಕ್ಯೂಟರಾಗಿ ಪಳಗಿದವರು ಆ ಕಚೇರಿಗೆ ಬರುವುದಾದರೆ ಎರಡು ವರ್ಷ ಏಕೆ, ಎರಡು ದಿನವೂ ಕಾಯಬೇಕಾದದ್ದಿಲ್ಲ. ಜಾಮೀನಿಗೆ ದಿಕ್ಕಿಲ್ಲದೆ ಜೈಲಿನಲ್ಲಿ ಕೊಳೆಯುವವನಿಗೆ ಪೋಲೀಸರ ಕಾಗದಗಳನ್ನು ಓದಬಲ್ಲ ಕಣ್ಣು ಅತ್ಯಗತ್ಯ. ಈಗ ಆ ಕಣ್ಣು ಸಿರಿವಂತ ಆಪಾದಿತನಿಗೆ ಮಾತ್ರ ದೊರೆಯುತ್ತಿದೆ.

ಆದರೆ ಹೊರಗೆ ಹೋಗುವ ಬಾಗಿಲಿಗೆ ಅಗುಳಿ ಹಾಕುವ ಮೊದಲು ಸರ್ಕಾರದವರು ಒಳಗಿನ ಕೋಣೆಯನ್ನು ವಾಸಯೋಗ್ಯವಾಗಿ ಮಾಡಬೇಕು. ಅವಧಿಯ ನಡುವೆ ಕಾರಣ ಹೇಳದೆ ತೆಗೆಯಕೂಡದು. ಕಡತವನ್ನು ವಿಚಾರಣೆಯ ಹಿಂದಿನ ವಾರವೇ ಕೈಗೆ ಕೊಡಬೇಕು. ಒಬ್ಬ ಗುಮಾಸ್ತ, ಒಂದು ಪುಸ್ತಕಶಾಲೆ, ಸಾಕ್ಷಿಗಳೊಡನೆ ಕುಳಿತು ಮಾತನಾಡಲು ಒಂದು ಕೋಣೆ, ಇಷ್ಟಾದರೂ ಇರಬೇಕು. ಮೊಗಸಾಲೆಯಲ್ಲಿ ನಿಂತು ಸಾಕ್ಷಿಯ ಹೆಸರನ್ನು ಕೇಳುವ ಗತಿ ಯಾವ ಪ್ರಾಸಿಕ್ಯೂಟರರಿಗೂ ಬರಬಾರದು.

ನಮ್ಮ ರಾಜ್ಯದ ಯಾವ ಜಿಲ್ಲೆಯಲ್ಲಿ ಎಷ್ಟು ಪ್ರಾಸಿಕ್ಯೂಟರ್ ಹುದ್ದೆಗಳು ತೆರವಾಗಿವೆ, ಒಬ್ಬೊಬ್ಬರ ಕೈಯಲ್ಲಿ ಎಷ್ಟು ಮೊಕದ್ದಮೆಗಳಿವೆ, ಕಳೆದ ಐದು ವರ್ಷಗಳಲ್ಲಿ ಎಷ್ಟು ಮಂದಿ ಅವಧಿಗೆ ಮುಂಚೆಯೇ ಬಿಟ್ಟುಹೋದರು ಎಂಬ ವಿವರವನ್ನು ಇಲಾಖೆಯವರು ಜಿಲ್ಲಾವಾರು ಪ್ರಕಟಿಸಲೆಂದು ಕೇಳುತ್ತೇವೆ. ಅದಕ್ಕಾಗಿ ಈ ಪುಟದಲ್ಲಿಯೇ ಎರಡು ಅಂಕಣಗಳ ಸ್ಥಳವನ್ನು ಕಾದಿರಿಸಿದ್ದೇವೆ.