ಕತ್ತಲಲ್ಲಿ ನಿಂತ ವಿಮಾನ ಹಾರಲು ಸಿದ್ಧವಾಗುವುದು ಹೇಗೆ? ದೀಪ ಆರಿದರೆ, ಎಸಿ ನಿಂತರೆ ವಿಮಾನ ಕೆಟ್ಟಿದೆ ಎಂದರ್ಥವೇ?

ಬೆಳಗಿನ ಜಾವದ ವಿಮಾನ. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದೀರಿ. ಇದ್ದಕ್ಕಿದ್ದಂತೆ ದೀಪಗಳು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತವೆ. ತಲೆಯ ಮೇಲಿನ ಕಿಂಡಿಗಳಿಂದ ಬಿಳಿ ಹೊಗೆಯಂಥದ್ದು ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಎಸಿ ಗಾಳಿಯೇ ನಿಂತುಹೋಗುತ್ತದೆ. ಆಮೇಲೆ ಕಾಲಡಿಯಿಂದ ಯಾರೋ ಗರಗಸದಲ್ಲಿ ಮರ ಕೊಯ್ಯುತ್ತಿರುವಂಥ ಸದ್ದು! ಪಕ್ಕದವರು ಫೋನ್ ತೆಗೆದು ವಿಡಿಯೊ ಮಾಡುತ್ತಾರೆ. ಇಳಿಯುವಷ್ಟರಲ್ಲಿ ಅದು ಹತ್ತಾರು ಗ್ರೂಪ್‌ಗಳಿಗೆ ಹೋಗಿರುತ್ತದೆ: 'ಕೆಟ್ಟ ವಿಮಾನದಲ್ಲಿ ನಮ್ಮನ್ನು ಹತ್ತಿಸಿದರು, ಎಲ್ಲರಿಗೂ ಶೇರ್ ಮಾಡಿ.'

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತದೆ. 'ಈಗಿನ ವಿಮಾನವೆಲ್ಲ ಕಂಪ್ಯೂಟರ್. ಪೈಲಟ್ ಒಂದು ಗುಂಡಿ ಒತ್ತಿದರೆ ಸಾಕು, ಉಳಿದದ್ದು ತಾನೇ ನಡೆಯುತ್ತದೆ. ಸುಮ್ಮನೆ ತಡ ಮಾಡುತ್ತಾರೆ.'

ಎರಡೂ ಸರಿಯಲ್ಲ. ಯಾಕೆ ಎಂದು ತಿಳಿಯಬೇಕಾದರೆ, ರಾತ್ರಿಯಿಡೀ ವಿದ್ಯುತ್ತಿಲ್ಲದೆ ನಿಂತಿದ್ದ ವಿಮಾನವನ್ನು ಪೈಲಟ್‌ಗಳು ಹೇಗೆ ಎಬ್ಬಿಸುತ್ತಾರೆ ಎಂದು ನೋಡಬೇಕು. ಉದಾಹರಣೆಗೆ ನಾವು ಏರ್‌ಬಸ್ ಎ320 ವಿಮಾನವನ್ನು ತೆಗೆದುಕೊಂಡಿದ್ದೇವೆ. ಬೆಂಗಳೂರು, ಮಂಗಳೂರು ನಿಲ್ದಾಣಗಳಲ್ಲಿ ದಿನವೂ ಕಾಣುವ ವಿಮಾನ ಇದು. ಬೇರೆ ವಿಮಾನಗಳಲ್ಲಿ ಕ್ರಮ ಸ್ವಲ್ಪ ಬದಲಾಗಬಹುದು, ತತ್ವ ಒಂದೇ.

ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆಯೇ?

ಇಲ್ಲ. ಕಾರಿಗೆ ಇರುವಂಥ ಕೀಲಿಯೇ ಈ ವಿಮಾನಕ್ಕಿಲ್ಲ. ಎಲ್ಲ ವಿದ್ಯುತ್ ಆಫ್ ಆಗಿ, ಪರದೆಗಳು ಕಪ್ಪಾಗಿ, ಯಾವ ಯಂತ್ರವೂ ಓಡದೆ ನಿಂತಿರುವ ಈ ಸ್ಥಿತಿಯನ್ನು ವಿಮಾನದವರು 'ಕೋಲ್ಡ್ ಅಂಡ್ ಡಾರ್ಕ್' ಎನ್ನುತ್ತಾರೆ. ಸಾಮಾನ್ಯವಾಗಿ ದಿನದ ಮೊದಲ ಹಾರಾಟಕ್ಕೆ ಮುಂಚೆ ಅಥವಾ ರಿಪೇರಿಯ ನಂತರ ವಿಮಾನ ಹೀಗಿರುತ್ತದೆ. ಹಗಲಿನಲ್ಲಿ ಒಂದು ಊರಿನಿಂದ ಬಂದು ಮತ್ತೊಂದು ಊರಿಗೆ ಹೊರಡುವಾಗ ವಿದ್ಯುತ್ತನ್ನು ಪೂರ್ತಿ ಆರಿಸುವುದಿಲ್ಲ.

ಕತ್ತಲ ಕಾಕ್‌ಪಿಟ್‌ಗೆ ಬಂದ ಪೈಲಟ್ ಮೊದಲು ಯಾವ ಸ್ವಿಚ್ಚನ್ನೂ ಆನ್ ಮಾಡುವುದಿಲ್ಲ, ನೋಡುತ್ತಾರೆ. ಎರಡೂ ಎಂಜಿನ್‌ಗಳ ಸ್ವಿಚ್ ಆಫ್ ಇದೆಯೇ? ಚಕ್ರಗಳ ಲಿವರ್ ಕೆಳಗಿದೆಯೇ? ವೈಪರ್ ಆಫ್ ಇದೆಯೇ? ರೆಕ್ಕೆಯ ಫ್ಲಾಪ್‌ಗಳು ಇರುವ ಜಾಗಕ್ಕೂ ಅವುಗಳ ಲಿವರ್ ಇರುವ ಜಾಗಕ್ಕೂ ತಾಳೆಯಾಗುತ್ತದೆಯೇ?

ಕಾರಣ ಸರಳ. ಲಿವರ್ ಒಂದು ಕಡೆ, ಫ್ಲಾಪ್ ಇನ್ನೊಂದು ಕಡೆ ಇದ್ದಾಗ ಹೈಡ್ರಾಲಿಕ್ ಒತ್ತಡ ಬಂದರೆ, ಫ್ಲಾಪ್ ತಾನಾಗಿ ಚಲಿಸಬಹುದು. ಅದರ ಕೆಳಗೆ ಆ ಹೊತ್ತಿಗೆ ಯಾರಾದರೂ ಕೆಲಸಗಾರರು ನಿಂತಿದ್ದರೆ? ಕರೆಂಟ್ ಹೋದಾಗ ಮಿಕ್ಸಿಯ ಸ್ವಿಚ್ ಆಫ್ ಮಾಡದೆ ಬಿಟ್ಟರೆ ಕರೆಂಟ್ ಬಂದಾಗ ಏನಾಗುತ್ತದೆ ಎಂದು ಮನೆಯಲ್ಲಿ ನೋಡಿದ್ದೇವಲ್ಲ, ಇದೂ ಹಾಗೆಯೇ.

ಬ್ಯಾಟರಿ, ಹೊರಗಿನ ವಿದ್ಯುತ್, ಬಾಲದ ಎಂಜಿನ್

ಮುಂದಿನದು ಬ್ಯಾಟರಿ. ಎ320ರಲ್ಲಿ ಎರಡು ಮುಖ್ಯ ಬ್ಯಾಟರಿಗಳಿವೆ. ಹಲವು ಗಂಟೆ ವಿದ್ಯುತ್ತಿಲ್ಲದೆ ನಿಂತಿದ್ದ ವಿಮಾನದಲ್ಲಿ ಇವುಗಳ ಒತ್ತಡ 25.5 ವೋಲ್ಟ್‌ಗಿಂತ ಹೆಚ್ಚಿದೆಯೇ ಎಂದು ನೋಡುತ್ತಾರೆ. ಕಡಿಮೆಯಿದ್ದರೆ ಹೊರಗಿನ ವಿದ್ಯುತ್ ಜೋಡಿಸಿ ಸುಮಾರು 20 ನಿಮಿಷ ಚಾರ್ಜ್ ಮಾಡಬೇಕು.

ಬ್ಯಾಟರಿಯಿಂದಲೇ ಇಡೀ ವಿಮಾನವನ್ನು ನಡೆಸಲು ಆಗುವುದಿಲ್ಲ. ಹಾಗಾಗಿ ನಿಲ್ದಾಣದಿಂದ ದಪ್ಪ ಕೇಬಲ್ ಮೂಲಕ ವಿದ್ಯುತ್ ಕೊಡುತ್ತಾರೆ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ವಿಮಾನಕ್ಕೆ ಬೇಕಾದದ್ದು 115 ವೋಲ್ಟ್, 400 ಹರ್ಟ್ಜ್. ಹೆಚ್ಚು ಹರ್ಟ್ಜ್ ಇದ್ದರೆ ಜನರೇಟರ್, ಟ್ರಾನ್ಸ್‌ಫಾರ್ಮರ್‌ಗಳನ್ನು ಚಿಕ್ಕದಾಗಿ, ಹಗುರವಾಗಿ ಮಾಡಬಹುದು. ಹಾರುವ ಯಂತ್ರದಲ್ಲಿ ಪ್ರತಿ ಕಿಲೊಗೂ ಲೆಕ್ಕವಿದೆ.

ಇದಲ್ಲದೆ ವಿಮಾನದ ಬಾಲದಲ್ಲಿ ಒಂದು ಪುಟ್ಟ ಎಂಜಿನ್ ಇರುತ್ತದೆ. ಅದರ ಹೆಸರು ಎಪಿಯು. ಅದು ವಿಮಾನವನ್ನು ಮುಂದಕ್ಕೆ ತಳ್ಳುವುದಿಲ್ಲ. ವಿದ್ಯುತ್ ಕೊಡುತ್ತದೆ, ಎಸಿಗೆ ಮತ್ತು ಮುಖ್ಯ ಎಂಜಿನ್ ಸ್ಟಾರ್ಟ್ ಮಾಡಲು ಬೇಕಾದ ಒತ್ತಡದ ಗಾಳಿ ಕೊಡುತ್ತದೆ. ಇದನ್ನು ಶುರು ಮಾಡುವ ಮೊದಲು ಅದರ ಬೆಂಕಿ ಎಚ್ಚರಿಕೆ ವ್ಯವಸ್ಥೆಯನ್ನು ಪರೀಕ್ಷಿಸಲೇಬೇಕು. ಬೆಂಕಿ ಬಿದ್ದರೆ ಗೊತ್ತಾಗುತ್ತದೆ ಎಂದು ಖಾತ್ರಿಯಾದ ಮೇಲೆಯೇ ಒಲೆ ಹಚ್ಚುವುದು.

ನಿಂತಲ್ಲೇ ಭೂಮಿಯ ತಿರುಗಾಟ ಅಳೆಯುವ ಯಂತ್ರ

ವಿದ್ಯುತ್ ಬಂದ ಕೂಡಲೇ ಮಾಡುವ ಮುಖ್ಯ ಕೆಲಸ, ವಿಮಾನಕ್ಕೆ 'ನೀನು ಎಲ್ಲಿದ್ದೀಯ' ಎಂದು ತಿಳಿಸುವುದು. ಎ320ರಲ್ಲಿ ಲೇಸರ್ ಕಿರಣಗಳಿಂದ ಕೆಲಸ ಮಾಡುವ ಗೈರೊಸ್ಕೋಪ್‌ಗಳ ಮೂರು ಘಟಕಗಳಿವೆ. ಆನ್ ಆದ ಮೇಲೆ ಇವು ಗುರುತ್ವಾಕರ್ಷಣೆಯ ದಿಕ್ಕನ್ನು ಅಳೆದು ಯಾವುದು ಕೆಳಗೆ ಎಂದೂ, ಗಂಟೆಗೆ 15 ಡಿಗ್ರಿಯಷ್ಟು ತಿರುಗುವ ಭೂಮಿಯ ಚಲನೆಯನ್ನು ಅಳೆದು ಯಾವುದು ಉತ್ತರ ಎಂದೂ ಕಂಡುಕೊಳ್ಳುತ್ತವೆ. ಇದಕ್ಕೆ ಹಲವು ನಿಮಿಷ ಬೇಕು. ಅಷ್ಟು ಹೊತ್ತು ವಿಮಾನ ಅಲ್ಲಾಡದೆ ನಿಂತಿರಬೇಕು.

ಇಲ್ಲಿ ತಪ್ಪಾದರೆ ಏನಾಗುತ್ತದೆ? 2015ರ ಮಾರ್ಚ್ 10ರಂದು ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟ ಏರ್‌ಏಷ್ಯಾ ಎಕ್ಸ್ ಕಂಪನಿಯ ಏರ್‌ಬಸ್ ಎ330 ವಿಮಾನದಲ್ಲಿ ರೇಖಾಂಶದ ಅಂಕಿಗಳನ್ನು ಟೈಪ್ ಮಾಡುವಾಗ ತಪ್ಪಾಯಿತು. 151 ಡಿಗ್ರಿ ಎಂದು ಹೋಗಬೇಕಾದ್ದು 15 ಡಿಗ್ರಿ ಎಂದು ಹೋಯಿತು. ವಿಮಾನದ ಲೆಕ್ಕದಲ್ಲಿ ಅದು ನಿಜವಾದ ಜಾಗದಿಂದ 11,000 ಕಿಲೊಮೀಟರ್‌ಗೂ ಹೆಚ್ಚು ದೂರ, ದಕ್ಷಿಣ ಆಫ್ರಿಕಾದ ಹತ್ತಿರದ ಸಮುದ್ರದಲ್ಲಿತ್ತು! ಮೇಲೇರಿದ ಮೇಲೆ ವಿಮಾನ ತಪ್ಪು ದಿಕ್ಕಿಗೆ ತಿರುಗಿತು. ಒಂದೊಂದಾಗಿ ವ್ಯವಸ್ಥೆಗಳು ಕೈಕೊಟ್ಟವು. ಸಿಡ್ನಿಯಲ್ಲಿ ಹವಾಮಾನ ಸರಿಯಿಲ್ಲದ್ದರಿಂದ ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ 'ಎಲ್ಲವೂ ಕಂಪ್ಯೂಟರ್' ಎನ್ನುವವರು ಇದನ್ನು ನೆನಪಿಡಬೇಕು. ಕಂಪ್ಯೂಟರ್‌ಗೆ ಮನುಷ್ಯರು ಕೊಟ್ಟದ್ದೇ ಮೂಲ ಮಾಹಿತಿ.

ಪೈಲಟ್ ವಿಮಾನದ ಸುತ್ತ ನಡೆಯುವುದು ಯಾಕೆ?

ಕಿಟಕಿಯಿಂದ ನೋಡಿದ್ದರೆ ಗಮನಿಸಿರುತ್ತೀರಿ. ಇಬ್ಬರಲ್ಲಿ ಒಬ್ಬ ಪೈಲಟ್ ಪ್ರತಿಫಲಿಸುವ ಜಾಕೆಟ್ ಹಾಕಿಕೊಂಡು ವಿಮಾನಕ್ಕೆ ಒಂದು ಸುತ್ತು ಬರುತ್ತಾರೆ. ಟೈರ್, ಬ್ರೇಕ್‌ನ ಸವೆತ, ಎಣ್ಣೆ ಸೋರಿಕೆ, ಎಂಜಿನ್‌ನ ಬ್ಲೇಡ್‌ಗಳು, ಎಲ್ಲವನ್ನೂ ಕಣ್ಣಾರೆ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ವೇಗ ಮತ್ತು ಎತ್ತರ ಅಳೆಯುವ ಸಣ್ಣ ಕೊಳವೆಗಳು, ತೂತುಗಳು ತೆರೆದಿವೆಯೇ ಎಂದು ನೋಡುತ್ತಾರೆ. ನಿಂತ ವಿಮಾನದಲ್ಲಿ ಹುಳುಗಳು ಗೂಡು ಕಟ್ಟದಂತೆ ಈ ಕೊಳವೆಗಳಿಗೆ ಮುಚ್ಚಳ ಹಾಕಿರುತ್ತಾರೆ.

2018ರ ಜುಲೈ 18ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಮಲೇಷ್ಯಾ ಏರ್‌ಲೈನ್ಸ್ ವಿಮಾನವೊಂದು ಈ ಮುಚ್ಚಳಗಳನ್ನು ತೆಗೆಯದೆಯೇ ಹಾರಿತು. ಪೈಲಟ್‌ಗಳಿಗೆ ವೇಗವೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದೃಷ್ಟಕ್ಕೆ ಮರಳಿ ಸುರಕ್ಷಿತವಾಗಿ ಇಳಿಸಿದರು. 1996ರ ಅಕ್ಟೋಬರ್ 2ರಂದು ಪೆರು ದೇಶದ ಏರೋಪೆರು ಕಂಪನಿಯ ಬೋಯಿಂಗ್ 757ಕ್ಕೆ ಆ ಅದೃಷ್ಟವಿರಲಿಲ್ಲ. ವಿಮಾನ ತೊಳೆಯುವಾಗ ಗಾಳಿಯ ಒತ್ತಡ ಅಳೆಯುವ ತೂತುಗಳಿಗೆ ಅಂಟಿಸಿದ್ದ ಟೇಪನ್ನು ಕೀಳಲು ಮರೆತಿದ್ದರು. ರಾತ್ರಿಯ ಕತ್ತಲಲ್ಲಿ ಎತ್ತರ, ವೇಗ ಎರಡೂ ತಪ್ಪು ತೋರಿಸಿ ವಿಮಾನ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 70 ಮಂದಿಯೂ ಸತ್ತರು.

ದೀಪ ಹತ್ತದಿದ್ದರೆ ಒಳ್ಳೆಯದು!

ಕಾಕ್‌ಪಿಟ್‌ನ ಚಾವಣಿಯಲ್ಲಿ ಸ್ವಿಚ್‌ಗಳ ದೊಡ್ಡ ಫಲಕವಿದೆ. ನೂರಾರು ಗುಂಡಿ ಇದ್ದರೆ ಎಲ್ಲವನ್ನೂ ನೆನಪಿಡುವುದು ಹೇಗೆ? ಏರ್‌ಬಸ್ ಇದಕ್ಕೊಂದು ಸುಲಭ ಉಪಾಯ ಮಾಡಿದೆ. ಎಲ್ಲ ಸರಿಯಿದ್ದರೆ ಫಲಕ ಕಪ್ಪಾಗಿರುತ್ತದೆ. ಯಾವುದಾದರೂ ಗುಂಡಿಯಲ್ಲಿ ಬಿಳಿ ದೀಪ ಉಳಿದಿದ್ದರೆ, ಅದು ಇರಬೇಕಾದ ಸ್ಥಿತಿಯಲ್ಲಿಲ್ಲ ಎಂದರ್ಥ. ಹಾಗಾಗಿ ಪೈಲಟ್ ಸಾಲುಸಾಲಾಗಿ ನೋಡುತ್ತಾ ಬಿಳಿ ದೀಪಗಳನ್ನು ಆರಿಸುತ್ತಾ ಹೋಗುತ್ತಾರೆ. ಎಂಜಿನ್‌ಗಳ ಬೆಂಕಿ ಎಚ್ಚರಿಕೆ, ತಮ್ಮ ಆಮ್ಲಜನಕದ ಮಾಸ್ಕ್ ಇವುಗಳನ್ನೂ ಪರೀಕ್ಷಿಸುತ್ತಾರೆ.

ಆಮೇಲೆ ದಾರಿ, ತೂಕ, ಇಂಧನ, ಟೇಕಾಫ್ ವೇಗ ಎಲ್ಲವನ್ನೂ ಕಂಪ್ಯೂಟರ್‌ಗೆ ತುಂಬುತ್ತಾರೆ. ಅದರಲ್ಲಿರುವ ದಾರಿಗಳ ಮಾಹಿತಿಯನ್ನು 28 ದಿನಕ್ಕೊಮ್ಮೆ ಹೊಸದು ಮಾಡುತ್ತಾರೆ, ಅದರ ದಿನಾಂಕ ಮುಗಿದಿಲ್ಲವೇ ಎಂದೂ ನೋಡಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ತಾಳೆ ನೋಡುತ್ತಾರೆ. ಎಲ್ಲ ಮುಗಿದ ಮೇಲೆ ಚೆಕ್‌ಲಿಸ್ಟ್ ಗಟ್ಟಿಯಾಗಿ ಓದುತ್ತಾರೆ.

ವಿಮಾನಯಾನದಲ್ಲಿ ಚೆಕ್‌ಲಿಸ್ಟ್ ನೆಲೆಯೂರಲು ಕಾರಣ ಒಂದು ಅಪಘಾತ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಮಾದರಿ 299 ಮೇಲೇರಿದ ಕೂಡಲೇ ಬಿತ್ತು. ನಿಂತಾಗ ಗಾಳಿಗೆ ಅಲ್ಲಾಡದಂತೆ ಬಾಲದ ಭಾಗಗಳಿಗೆ ಹಾಕಿದ್ದ ಲಾಕ್ ತೆಗೆಯಲು ಮರೆತಿದ್ದರು. ಹಾರಿಸುತ್ತಿದ್ದವರು ಅನನುಭವಿಗಳೇನಲ್ಲ, ನುರಿತ ಪೈಲಟ್‌ಗಳೇ. ನೆನಪನ್ನಷ್ಟೇ ನಂಬುವಂತಿಲ್ಲ ಎಂಬ ಪಾಠ ಆಗ ಬಂತು.

ಒಂದು ಸ್ವಿಚ್, 121 ಜೀವ

ಚೆಕ್‌ಲಿಸ್ಟ್ ಓದುವುದು ಮತ್ತು ನಿಜವಾಗಿ ನೋಡುವುದು ಬೇರೆ ಬೇರೆ. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಕಂಪನಿಯ ಬೋಯಿಂಗ್ 737 ವಿಮಾನದ ಕಥೆ ಇದು. ರಿಪೇರಿಯವರು ಪರೀಕ್ಷೆಗಾಗಿ ಒಳಗಿನ ಗಾಳಿಯ ಒತ್ತಡದ ಸ್ವಿಚ್ಚನ್ನು ಆಟೊಮ್ಯಾಟಿಕ್‌ನಿಂದ ಮ್ಯಾನುಯಲ್‌ಗೆ ತಿರುಗಿಸಿದ್ದರು, ಅದು ಹಾಗೆಯೇ ಉಳಿದಿತ್ತು. ಹೊರಡುವ ಮೊದಲೂ, ಎಂಜಿನ್ ಶುರುವಾದ ಮೇಲೂ, ಮೇಲೇರಿದ ಮೇಲೂ ಪೈಲಟ್‌ಗಳ ಕಣ್ಣಿಗೆ ಬೀಳಲಿಲ್ಲ. ಎತ್ತರಕ್ಕೆ ಹೋದಂತೆ ಒಳಗಿನ ಗಾಳಿ ತೆಳುವಾಯಿತು. ಎಚ್ಚರಿಕೆಯ ಸದ್ದನ್ನು ಬೇರೆಯದೆಂದು ತಿಳಿದ ಪೈಲಟ್‌ಗಳು ಪ್ರಜ್ಞೆ ಕಳೆದುಕೊಂಡರು. ಇಂಧನ ಮುಗಿಯುವವರೆಗೂ ವಿಮಾನ ತಾನಾಗಿ ಹಾರುತ್ತಿತ್ತು. ಆಮೇಲೆ ಗುಡ್ಡಕ್ಕೆ ಬಿತ್ತು. ಒಳಗಿದ್ದ 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಹೊರಡುವುದು ತಡವಾದಾಗ 'ಬೇಗ ಹೊರಡಿ' ಎಂದು ಕೂಗುವ ಮುನ್ನ ಈ ಕಥೆ ನೆನಪಾದರೆ ಸಾಕು.

ಹಾಗಾದರೆ ವಿಡಿಯೊದಲ್ಲಿ ಕಂಡದ್ದೇನು?

ಈಗ ಆರಂಭದ ಪ್ರಶ್ನೆಗಳಿಗೆ ಬರೋಣ.

ದೀಪ ಆರಿ ಹತ್ತಿದ್ದು: ನಿಲ್ದಾಣದ ವಿದ್ಯುತ್ತಿನಿಂದ ಎಪಿಯುಗೆ, ಅಲ್ಲಿಂದ ಎಂಜಿನ್‌ನ ಜನರೇಟರ್‌ಗೆ ಬದಲಾಗುವ ಕ್ಷಣ ಅದು. ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಅಪಾರ್ಟ್‌ಮೆಂಟಿನ ದೀಪ ಮಿಟುಕಿದಂತೆ.

ಎಸಿ ನಿಂತದ್ದು: ಎಂಜಿನ್ ಸ್ಟಾರ್ಟ್ ಮಾಡಲು ಅದನ್ನು ಮೊದಲು ಗಾಳಿಯಿಂದ ತಿರುಗಿಸಬೇಕು. ಆ ಗಾಳಿ ಎಪಿಯುನಿಂದ ಬರುತ್ತದೆ. ಆ ಹೊತ್ತಿನಲ್ಲಿ ಎಸಿಗೆ ಹೋಗುವ ಗಾಳಿಯನ್ನು ವಿಮಾನವೇ ನಿಲ್ಲಿಸಿ ಎಂಜಿನ್‌ಗೆ ಕೊಡುತ್ತದೆ. ಸ್ಟಾರ್ಟ್ ಆದ ಮೇಲೆ ಎಸಿ ಮರಳಿ ಬರುತ್ತದೆ.

ಬಿಳಿ ಹೊಗೆ: ಮಂಗಳೂರಿನಂಥ ತೇವದ ಊರಿನಲ್ಲಿ ಬಾಗಿಲು ತೆರೆದಿದ್ದಾಗ ಒಳಗೆ ತೇವದ ಗಾಳಿ ತುಂಬಿರುತ್ತದೆ. ಅದಕ್ಕೆ ತಣ್ಣನೆಯ ಎಸಿ ಗಾಳಿ ತಗುಲಿದಾಗ ಮಂಜು ಕಟ್ಟುತ್ತದೆ. ಅದಕ್ಕೆ ವಾಸನೆ ಇರುವುದಿಲ್ಲ, ಸ್ವಲ್ಪ ಹೊತ್ತಿಗೆ ಕರಗುತ್ತದೆ.

ಗರಗಸದ ಸದ್ದು: ಎ320ರಲ್ಲಿ ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಒತ್ತಡ ದಾಟಿಸುವ ಯಂತ್ರವಿದೆ. ಎರಡನೇ ಎಂಜಿನ್ ಶುರುವಾಗುವಾಗ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಈ ಸದ್ದಿಗೆ 'ಬೊಗಳುವ ನಾಯಿ' ಎಂದೇ ಹೆಸರು ಬಿದ್ದಿದೆ.

ಅಂದರೆ ನಾಲ್ಕೂ ವಿಮಾನ ಸರಿಯಾಗಿ ಎಚ್ಚರಗೊಳ್ಳುತ್ತಿರುವ ಲಕ್ಷಣಗಳೇ.

ಫಾರ್ವರ್ಡ್ ಮಾಡುವ ಮುನ್ನ

2025ರ ಜೂನ್ 12ರ ಅಹಮದಾಬಾದ್ ದುರಂತದ ನಂತರ 'ಫ್ಯುಯಲ್ ಸ್ವಿಚ್' ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಟೇಕಾಫ್ ಆದ ಕೂಡಲೇ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಕಟಾಫ್‌ಗೆ ಬದಲಾದವು ಎಂದು ಪ್ರಾಥಮಿಕ ವರದಿ ಹೇಳಿತು. ಅದು ಹೇಗಾಯಿತು ಎಂದು ಆ ವರದಿ ತೀರ್ಮಾನ ಕೊಡಲಿಲ್ಲ. ಆದರೆ ನಮ್ಮ ಗ್ರೂಪ್‌ಗಳಲ್ಲಿ ಅಷ್ಟರೊಳಗೆ ತೀರ್ಪು ಬಂದಾಗಿತ್ತು. ತೀರಿಹೋದವರ ಮನೆಯವರೂ ಅದೇ ಫೋನುಗಳಲ್ಲಿ ಅದನ್ನು ಓದುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಹಾಗೆಂದು ಏನು ಕಂಡರೂ ಸುಮ್ಮನಿರಿ ಎಂದು ನಾವು ಹೇಳುತ್ತಿಲ್ಲ. ಸುಟ್ಟ ವಾಸನೆ, ಬೆಂಕಿಯ ಕಿಡಿ, ರೆಕ್ಕೆಯಿಂದ ಏನಾದರೂ ಸೋರುವುದು, ಹೊರಗೆ ತೆಗೆಯದೆ ಉಳಿದ ಕೆಂಪು ಪಟ್ಟಿ ಕಂಡರೆ ಕೂಡಲೇ ಕ್ಯಾಬಿನ್ ಸಿಬ್ಬಂದಿಗೆ ಹೇಳಿ. ಸಂಕೋಚ ಬೇಡ. ನೂರು ಸಲದಲ್ಲಿ ತೊಂಬತ್ತೊಂಬತ್ತು ಸಲ ಅದು ಏನೂ ಅಲ್ಲದಿರಬಹುದು, ಆದರೂ ಅವರು ಪೈಲಟ್‌ಗೆ ತಿಳಿಸುತ್ತಾರೆ. ಆ ಮಾತು ಹೋಗಬೇಕಾದದ್ದು ಕಾಕ್‌ಪಿಟ್‌ಗೆ. ಗ್ರೂಪಿಗೆ ಕಳಿಸಿದ ವಿಡಿಯೊದಿಂದ ಆ ವಿಮಾನದಲ್ಲಿ ಕೂತ ಯಾರಿಗೂ ಉಪಯೋಗವಿಲ್ಲ.

ಮುಂದಿನ ಸಲ ಇಂಥ ವಿಡಿಯೊ ಬಂದಾಗ, ಕಳಿಸಿದವರಿಗೆ ಈ ಲೇಖನವನ್ನೇ ಕಳಿಸಿ.