ಕೈತೋಟದ ಮಾತು: ಸತ್ತಿತೆಂದು ಅಗೆಯಬೇಡಿ!

ಸೋದರಿಯರೇ, ನಮ್ಮೂರ ರಸ್ತೆ ಬದಿಯ ಎಕ್ಕದ ಗಿಡ ನಿಮಗೆಲ್ಲ ಗೊತ್ತೇ ಇದೆ. ನಾವೀಗ ಇರುವ ಅಮೆರಿಕದ ಇಲಿನಾಯ್ ರಾಜ್ಯದಲ್ಲೂ ಅದರ ಬಳಗದ ಗಿಡವೊಂದಿದೆ. ಹೆಸರು ಮಿಲ್ಕ್‌ವೀಡ್. ಮುರಿದರೆ ಎಕ್ಕದಂತೆಯೇ ಹಾಲು, ಕಾಯಿ ಒಡೆದರೆ ಅದೇ ರೇಷ್ಮೆಯಂಥ ಎಳೆ. ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಹುಳುವಿಗೆ ಇದರ ಎಲೆ ಬಿಟ್ಟರೆ ಬೇರೆ ಊಟವಿಲ್ಲ.

ಚಳಿಗಾಲದಲ್ಲಿ ಈ ಗಿಡ ಬುಡದವರೆಗೂ ಒಣಗಿಹೋಗುತ್ತೆ. ಹೋದ ವರ್ಷ ಏಪ್ರಿಲ್ ಮುಗಿಯುತ್ತಾ ಬಂದರೂ ಚಿಗುರಿಲ್ಲ. "ಸತ್ತಿದೆ ಕಣೇ, ಆ ಜಾಗಕ್ಕೆ ಮೆಂತ್ಯ ಹಾಕು" ಅಂದರು ನಮ್ಮ ಯಜಮಾನರು. ನಾನೂ ನಂಬಿ ಅಗೆದೆ. ಮಣ್ಣಿನಡಿ ಬೆರಳುದ್ದದ ಮೊಳಕೆ ಎರಡು ತುಂಡಾಗಿ ಹಾಲು ಸುರಿಸುತ್ತಿತ್ತು! ಅಂದು ನನಗೆ ಊಟ ಸೇರಲಿಲ್ಲ. ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆದ ಚಿಟ್ಟೆಗಳ ಮಕ್ಕಳು ಇಲ್ಲಿಗೆ ಬಂದು ಹುಡುಕುವುದು ಈ ಚಿಗುರನ್ನೇ ಅಲ್ಲವೇ?

ಪುಣ್ಯಕ್ಕೆ ಬೇರು ಗಟ್ಟಿಯಿತ್ತು. ಮೇ ಕೊನೆಗೆ ಪಕ್ಕದಿಂದ ಚಿಗುರಿತು. ಜುಲೈನಲ್ಲಿ ಎಲೆಯಡಿ 3 ಹುಳು!

ಬೆಳೆಸುವವರಿಗೆ ನಾಲ್ಕು ಮಾತು: ಬೀಜಕ್ಕೆ ಚಳಿ ತಾಗಲೇಬೇಕು. ನವೆಂಬರಿನಲ್ಲೇ ಮಣ್ಣಿಗೆ ಹಾಕಿ. ಮರೆತರೆ ಒದ್ದೆ ಮರಳಿನಲ್ಲಿ ಬೆರೆಸಿ 30 ದಿನ ಫ್ರಿಜ್ಜಿನಲ್ಲಿಡಿ. ಮೊದಲ ವರ್ಷ ಹೂ ಬಿಡದಿದ್ದರೆ ಬೇಸರ ಬೇಡ. ಗಿಡವಿದ್ದ ಕಡೆ ಕಡ್ಡಿ ನೆಟ್ಟು, ಮೇ ಮುಗಿಯುವವರೆಗೆ ಕಾಯಿರಿ. ಹಾಲು ಕಣ್ಣಿಗೆ ತಾಗದಂತೆ ಕೈ ತೊಳೆಯಿರಿ. ಹುಳುವಿನ ಔಷಧಿ ಮಾತ್ರ ಹೊಡೆಯಬೇಡಿ.

ಊರಿನಲ್ಲಿರುವವರೇ, ಹಿತ್ತಿಲ ಎಕ್ಕ ಕೀಳುವ ಮುನ್ನ ನೀವೂ ಎಲೆಯಡಿ ಒಮ್ಮೆ ನೋಡಿ. ಮೊನಾರ್ಕಿನ ಬಳಗದ ಚಿಟ್ಟೆ ಅಲ್ಲೂ ಮೊಟ್ಟೆಯಿಡುತ್ತದೆ. ನಾನಂತೂ ಈ ಸಲ ಗುದ್ದಲಿಯನ್ನೇ ಬಚ್ಚಿಟ್ಟು ಕಾಯುತ್ತಿದ್ದೇನೆ.