ಸಿದ್ದಿ ಹುಡುಗಿ ಜನರಲ್ ನಾಲೆಡ್ಜ್ ಅಲ್ಲ
(ಕೆರೆ ಏರಿ ಮಾತು – 3)

ಫೋಟೋದಲ್ಲಿರೋದು ನಮ್ಮ ತೊಣ್ಣೂರು ಕೆರೆ. ಬೇಕಂತಲೇ ಬರೀ ನೀರು. ಮಕ್ಕಳ ಫೋಟೋ ಹಾಕಿದ್ರೆ ಫಿಲ್ಟರ್ ಒಂದು ಕೋಟ್ ಸುಣ್ಣ ಬಳಿದುಬಿಡುತ್ತೆ. ನಮ್ಮ ಎಷ್ಟೋ ಮಕ್ಕಳ ಪುಸ್ತಕಗಳೂ ಇದೇ ಕೆಲಸ ಮಾಡ್ತಿವೆ. ಪಾಂಡವಪುರದ ಕಬ್ಬಿನ ಗದ್ದೆ ಬಿಸಿಲಲ್ಲಿ ಆಡೋ ಮಗು ಚಿತ್ರದಲ್ಲಿ ಗುಲಾಬಿ ಬಣ್ಣ. ರಾಕ್ಷಸ ಮಾತ್ರ ಕಡುಕಪ್ಪು, ಗುಂಗುರು ಕೂದಲು, ದಪ್ಪ ತುಟಿ. ಇಲ್ಲಿನ ಮಗುವಿಗೇ ಇದು ಚುಚ್ಚುತ್ತೆ. ಇನ್ನು ಯಲ್ಲಾಪುರದ ಸಿದ್ದಿ ಮಗುವಿಗೆ?

ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದವರು. ಮನೇಲಿ ಕೊಂಕಣಿ ಬೆರೆತ ಮಾತು, ಶಾಲೇಲಿ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. 2021ರ ‘ಸಲಗ’ ಸಿನಿಮಾದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಹಾಡಿದ್ದಕ್ಕೆ ರಾಜ್ಯವೇ ಕುಣೀತು (ನಮ್ಮ ಕಡೆ ಮೆರವಣಿಗೆಗಳಲ್ಲೂ).

ಮಕ್ಕಳ ಓದಿಗೆ ಬಂದಾಗ ಮಾತ್ರ ‘ನಿಮಗಿದು ಗೊತ್ತೇ? ಕರ್ನಾಟಕದಲ್ಲೂ ಆಫ್ರಿಕನ್ನರು!’ ಅನ್ನೋ ಬಾಕ್ಸು. ಆ ‘ನಿಮಗೆ’ ಅನ್ನೋದು ಯಾರಿಗೆ ಸ್ವಾಮಿ? ಅದೇ ಬೆಂಚಲ್ಲಿ ಕೂತ ಸಿದ್ದಿ ಹುಡುಗಿ ತನ್ನ ಬಗ್ಗೆ ತಾನೇ ಹೊರಗಿನವಳ ಥರ ಓದಬೇಕು.

ಅಮೆರಿಕದಲ್ಲಿ ನ್ಯಾನ್ಸಿ ಲ್ಯಾರಿಕ್ 1965ರಲ್ಲೇ ಲೆಕ್ಕ ಕೊಟ್ಟರು: ಮೂರು ವರ್ಷದ 5,206 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನ ಕಂಡಿದ್ದು ಶೇ 6.7ರಲ್ಲಿ. ಕನ್ನಡದ ಶೆಲ್ಫಲ್ಲೂ ಯಾರಾದ್ರೂ ಎಣಿಸಿ ನೋಡಿ. 1962ರ ‘ದಿ ಸ್ನೋಯಿ ಡೇ’ಯಲ್ಲಿ ಪೀಟರ್ ಅನ್ನೋ ಕಪ್ಪು ಹುಡುಗ ಹಿಮದಲ್ಲಿ ಆಡ್ತಾನೆ, ಅಷ್ಟೇ. ಪಾಠ ಇಲ್ಲ, ಕುಣಿತ ಇಲ್ಲ. ಬರೆದ ಎಜ್ರಾ ಜ್ಯಾಕ್ ಕೀಟ್ಸ್ ಬಿಳಿಯ, ಅದಕ್ಕೆ ಆಮೇಲೆ ಜಗಳವೂ ಆಯ್ತು. ನ್ಯಾಯವಾದ ಜಗಳವೇ. ಸಿದ್ದಿ ಮಕ್ಕಳ ಕಥೆ ಬರೆಯೋಕೆ ಸಿದ್ದಿಗಳನ್ನೇ ಕೇಳಿ. ಮಂಚಿಕೇರಿಯಲ್ಲಿ ನಾಟಕ ಕಟ್ಟಿದವರಿಗೆ ಕಥೆ ಕಟ್ಟೋಕೆ ಬರಲ್ವಾ?

‘ಹಾಗಾದ್ರೆ ಇತಿಹಾಸ ಹೇಳಬಾರದಾ?’ ಹೇಳಿ. ಗುಲಾಮನಾಗಿ ಬಂದು ಅಹ್ಮದ್‌ನಗರ ಆಳಿ ಮೊಘಲರನ್ನು ಕಾಡಿದ ಮಲಿಕ್ ಅಂಬರ್ ಕಥೇನೂ ಹೇಳಿ. ಆದರೆ ಅದಕ್ಕೂ ಮುಂಚೆ ಆ ಹುಡುಗಿ ಹಲಸಿನ ಮರ ಹತ್ತಲಿ, ಚಪ್ಪಲಿ ಕಳ್ಕೊಂಡು ಬೈಸ್ಕೊಳ್ಳಲಿ, ಅಜ್ಜಿ ಹೊಲಿದ ಕೌದಿ ಹೊದ್ದು ಮಲಗಲಿ. ಚಿತ್ರ ಬರೆಯೋರೇ, ಅವಳ ಕೂದಲನ್ನ ಇದ್ದ ಹಾಗೇ ಬಿಡಿಸಿ. ಅಂಥ ಕನ್ನಡ ಪುಸ್ತಕ ಗೊತ್ತಿದ್ದವರು ಕಮೆಂಟಲ್ಲಿ ಹೆಸರು ಹಾಕಿ. ನಾಳೆಯೇ ತರಿಸ್ತೀನಿ.

#ಕೆರೆಏರಿಮಾತು #ತೊಣ್ಣೂರು #ಮಕ್ಕಳಪುಸ್ತಕ